ಸೈಟ್ ಚೆನ್ನಾಗಿದೆ, ಎನ್‌ಕ್ವೈರಿ ಮಾತ್ರ ಬರುತ್ತಿಲ್ಲ: ದೋಷ ಹುಡುಕುವ ಕ್ರಮ

ಸೈಟ್ ತೆರೆದುಕೊಳ್ಳುತ್ತದೆ. ನೋಡಲು ಅಂದವಾಗಿದೆ. ಜಾಹೀರಾತಿಗೆ ತಿಂಗಳು ತಿಂಗಳು ದುಡ್ಡು ಹೋಗುತ್ತಿದೆ. ಆದರೆ ಫೋನ್ ಬರುವುದಿಲ್ಲ, ಮೇಲ್ ಬರುವುದಿಲ್ಲ, ಆರ್ಡರ್ ಬೀಳುವುದಿಲ್ಲ. ವ್ಯಾಪಾರದ ವೆಬ್‌ಸೈಟ್‌ಗಳ ಬಗ್ಗೆ ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ. ದೂರಿನ ಜೊತೆಗೇ ಒಂದು ತೀರ್ಮಾನವೂ ಬಂದಿರುತ್ತದೆ: ‘ಡಿಸೈನ್ ಹಳೆಯದಾಯಿತು, ಹೊಸದಾಗಿ ಮಾಡಿಸಬೇಕು.’

ಸ್ವಲ್ಪ ತಡೆಯಿರಿ. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಮೊದಲೇ ಹೊಸ ಬಾವಿ ತೋಡುವುದಿಲ್ಲ. ನಲ್ಲಿಯಿಂದ ಹಿಂದಕ್ಕೆ, ಪೈಪಿನ ಒಂದೊಂದೇ ಜಾಯಿಂಟ್ ನೋಡುತ್ತಾ ಹೋಗುತ್ತಾರೆ. ವೆಬ್‌ಸೈಟ್‌ಗೂ ಇದೇ ಕ್ರಮ ಸರಿ. ‘ಎನ್‌ಕ್ವೈರಿ ಇಲ್ಲ’ ಎನ್ನುವುದು ಲಕ್ಷಣ ಮಾತ್ರ. ಕಾರಣ ಏನು ಬೇಕಾದರೂ ಇರಬಹುದು. ಜನ ಬರುತ್ತಲೇ ಇಲ್ಲದಿರಬಹುದು. ಬಂದವರು ನಿಮಗೆ ಬೇಕಾದವರಲ್ಲದಿರಬಹುದು. ಪುಟ ತೆರೆಯುವಷ್ಟರಲ್ಲಿ ಬೇಸತ್ತು ಹೋಗಿರಬಹುದು. ಓದಿಯೂ ಅರ್ಥವಾಗದಿರಬಹುದು, ಅರ್ಥವಾಗಿಯೂ ನಂಬಿಕೆ ಬಾರದಿರಬಹುದು. ಎಲ್ಲ ಸರಿಹೋಗಿ ಫಾರ್ಮ್ ತುಂಬಿದ ಮೇಲೂ ಅದು ನಿಮ್ಮ ಕೈಗೆ ತಲುಪದೇ ಇರಬಹುದು. ಹೊಸ ಡಿಸೈನ್ ಇವುಗಳಲ್ಲಿ ಒಂದೋ ಎರಡೋ ಕಾರಣವನ್ನು ಸರಿಮಾಡೀತು. ಉಳಿದವು ಹೊಸ ಬಣ್ಣದ ಕೆಳಗೆ ಹಾಗೇ ಕೂತಿರುತ್ತವೆ.

ಹಾಗಾಗಿ ಕೆಳಗಿನ ಪರೀಕ್ಷೆಗಳಲ್ಲಿ ಕೊನೆಯ ಜಾಯಿಂಟನ್ನೇ ಮೊದಲು ಇಟ್ಟಿದ್ದೇನೆ, ಎಣಿಕೆ ನೋಡಿದ ಮೇಲೆ ಉಳಿದವು ಗಿರಾಕಿ ಬರುವ ದಾರಿಯಲ್ಲೇ ಸಾಗುತ್ತವೆ. ಕೊನೆಯ ಜಾಯಿಂಟ್ ಪರೀಕ್ಷಿಸಲು ಖರ್ಚಿಲ್ಲ, ಹೆಚ್ಚು ಹೊತ್ತೂ ಬೇಡ. ಅದೇ ಮುರಿದಿದ್ದರೆ ಮುಂದಿನ ಯಾವ ಲೆಕ್ಕವನ್ನೂ ನಂಬುವಂತಿಲ್ಲ.

ಶುರು ಮಾಡುವ ಮುಂಚೆ ಒಂದು ಸಾಲು

ಕಾಗದದ ಮೇಲೆ ಒಂದೇ ಸಾಲು ಬರೆಯಿರಿ: ಯಾರು ಬಂದು, ಈ ಸೈಟ್‌ನಲ್ಲಿ ಏನು ಮಾಡಿದರೆ ನಿಮಗೆ ಉಪಯೋಗ? ‘ಜನ ನಮ್ಮ ಬಗ್ಗೆ ತಿಳಿಯಬೇಕು’ ಎಂದು ಬರೆದರೆ ಸಾಲದು. ಅದನ್ನು ಪರೀಕ್ಷಿಸಲು ಆಗುವುದಿಲ್ಲ. ‘ಹೊಸ ಯಂತ್ರ ಕೊಳ್ಳಲು ಹೊರಟ ಸಣ್ಣ ಕಾರ್ಖಾನೆಯವರು ಕೊಟೇಶನ್ ಕೇಳಬೇಕು’ ಎಂದರೆ ಪರೀಕ್ಷಿಸಬಹುದು.

ಇದನ್ನು ಬರೆಯಲು ಕೂತಾಗಲೇ ಕೆಲವು ಸಲ ದೋಷ ಸಿಕ್ಕಿಬಿಡುತ್ತದೆ. ಮಾಲೀಕರ ಮನಸ್ಸಿನಲ್ಲಿ ಎನ್‌ಕ್ವೈರಿ, ಡಿಸೈನ್ ಮಾಡಿದವರ ಮನಸ್ಸಿನಲ್ಲಿ ಕಂಪನಿಯ ಗತ್ತು, ಮಾರ್ಕೆಟಿಂಗ್ ನೋಡುವವರ ಮನಸ್ಸಿನಲ್ಲಿ ಫಾಲೋವರ್ಸ್. ಮೂರು ಗುರಿಗೆ ಒಂದೇ ಮುಖಪುಟ. ಹೀಗಿದ್ದಾಗ ಯಾವ ಪರೀಕ್ಷೆ ಮಾಡಿದರೂ ಉತ್ತರ ಸಿಗದು, ಯಾಕೆಂದರೆ ‘ಸರಿ’ ಎಂದರೇನು ಎಂಬುದೇ ತೀರ್ಮಾನವಾಗಿಲ್ಲ. ಮೊದಲು ಈ ಮೂವರೂ ಒಂದೇ ಸಾಲನ್ನು ಒಪ್ಪಬೇಕು.

ಇನ್ನೊಂದು ಮಾತು. ಕೆಲವು ವ್ಯಾಪಾರಗಳಲ್ಲಿ ಗಿರಾಕಿಗಳು ಬರುವುದೆಲ್ಲ ಬಾಯಿಮಾತಿನಿಂದ. ಅವರು ಫೋನ್ ಮಾಡುವ ಮುಂಚೆ ‘ಇವರು ನಿಜವಾಗಿ ಇದ್ದಾರಾ, ನೆಟ್ಟಗಿದ್ದಾರಾ’ ಎಂದು ಒಮ್ಮೆ ಸೈಟ್ ನೋಡುತ್ತಾರೆ, ಅಷ್ಟೇ. ಅಂಥ ಸೈಟ್‌ಗೆ ಫಾರ್ಮ್ ಎನ್‌ಕ್ವೈರಿ ಕಡಿಮೆ ಇರುವುದು ದೋಷವಲ್ಲ. ಫೋನ್ ಮಾಡಿದವರನ್ನು ‘ನಮ್ಮ ಸೈಟ್ ನೋಡಿದ್ರಾ?’ ಎಂದು ಕೇಳಿ ನೋಡಿ.

ಪರೀಕ್ಷೆ 1: ಫಾರ್ಮ್ ನಿಜವಾಗಿ ತಲುಪುತ್ತಿದೆಯಾ

ನಿಮ್ಮ ಸ್ವಂತ ಫೋನ್ ತೆಗೆದುಕೊಳ್ಳಿ. ಆಫೀಸಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಸೈಟ್ ತೆರೆಯಿರಿ. ಅಡ್ಮಿನ್ ಆಗಿ ಲಾಗಿನ್ ಆಗಿರಬಾರದು. ಅಪರಿಚಿತ ಗಿರಾಕಿಯಂತೆ ಫಾರ್ಮ್ ತುಂಬಿ ಕಳಿಸಿ. ಒಮ್ಮೆ ಜಿಮೇಲ್ ವಿಳಾಸದಿಂದ, ಇನ್ನೊಮ್ಮೆ ಬೇರೆ ಕಂಪನಿಯ ಮೇಲ್ ವಿಳಾಸದಿಂದ. ‘ಧನ್ಯವಾದ, ನಿಮ್ಮ ಸಂದೇಶ ಸಿಕ್ಕಿದೆ’ ಎಂದು ಪರದೆಯ ಮೇಲೆ ಬಂದರೆ ಅಲ್ಲಿಗೇ ಸಮಾಧಾನಪಡಬೇಡಿ. ಆ ಸಾಲು ತೋರಿಸುವುದು ಸೈಟ್. ಮೇಲ್ ತಲುಪಿಸುವುದು ಬೇರೆ ವ್ಯವಸ್ಥೆ. ಇನ್‌ಬಾಕ್ಸ್ ನೋಡಿ, ಆಮೇಲೆ ಸ್ಪ್ಯಾಮ್ ಫೋಲ್ಡರ್ ನೋಡಿ.

ಸ್ಪ್ಯಾಮ್‌ನಲ್ಲಿ ಹಳೆಯ ಎನ್‌ಕ್ವೈರಿಗಳು ಸಾಲಾಗಿ ಬಿದ್ದಿದ್ದರೆ ದೋಷ ಸಿಕ್ಕಿತು. ಇದು ಹೀಗಾಗುತ್ತದೆ. ತುಂಬ ಸೈಟ್‌ಗಳಲ್ಲಿ ಫಾರ್ಮ್‌ನ ಮೇಲ್ ಅನ್ನು ವೆಬ್ ಸರ್ವರ್ ತಾನೇ ನೇರವಾಗಿ ಕಳಿಸುತ್ತದೆ. ಸೈಟ್ ಕಟ್ಟಲು ತುಂಬ ಜನ ಬಳಸುವ ವರ್ಡ್‌ಪ್ರೆಸ್ ತಂತ್ರಾಂಶ ಕೂಡ ಬೇರೆ ಏನೂ ಹೊಂದಿಸದಿದ್ದರೆ ಹಾಗೇ ಮಾಡುತ್ತದೆ. ಅದರ ಮೇಲೆ ಕೆಲವರು ‘ಕಳಿಸಿದವರು’ ಎಂಬ ಜಾಗದಲ್ಲಿ ಗಿರಾಕಿಯ ಮೇಲ್ ವಿಳಾಸವನ್ನೇ ಹಾಕಿರುತ್ತಾರೆ, ರಿಪ್ಲೈ ಮಾಡಲು ಸುಲಭ ಎಂದು. ಈಗ ಮೇಲ್ ಪಡೆಯುವ ಕಂಪನಿಯ ಕಣ್ಣಿಗೆ ಇದು ಏನು? ಯಾರದೋ ಜಿಮೇಲ್ ಹೆಸರು ಹೇಳಿಕೊಂಡು, ಜಿಮೇಲ್‌ಗೆ ಸಂಬಂಧವೇ ಇಲ್ಲದ ಸರ್ವರ್‌ನಿಂದ ಬಂದ ಪತ್ರ. ಅದನ್ನು ಪಕ್ಕಕ್ಕೆ ತಳ್ಳುವುದು ಸಹಜವೇ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿವೆ. ಕಳಿಸುವ ಡೊಮೈನ್‌ಗೆ ಎಸ್‌ಪಿಎಫ್ (ಆ ಡೊಮೈನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ದೃಢೀಕರಣ ಇರಲೇಬೇಕು. ತುಂಬ ಮೇಲ್ ಕಳಿಸುವವರಿಗೆ ಇವೆರಡೂ ಬೇಕು, ದೃಢೀಕರಣವಾಗದ ಮೇಲ್ ಅನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆ ಕೂಡ ಬೇಕು.

ಪರಿಹಾರ ನೇರವಾಗಿದೆ. ‘ಕಳಿಸಿದವರು’ ಜಾಗದಲ್ಲಿ ನಿಮ್ಮದೇ ಡೊಮೈನ್‌ನ ವಿಳಾಸ ಇರಲಿ. ಗಿರಾಕಿಯ ವಿಳಾಸ ‘ರಿಪ್ಲೈ-ಟು’ ಜಾಗಕ್ಕೆ ಹೋಗಲಿ. ಮೇಲ್ ಕಳಿಸಲು ಎಸ್‌ಎಂಟಿಪಿ ಸೇವೆ (ಮೇಲ್ ಕಳಿಸಲೆಂದೇ ಇರುವ ಸರ್ವರ್) ಜೋಡಿಸಿ, ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ದಾಖಲೆಗಳಿರುವ ಜಾಗ) ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಸರಿಮಾಡಿಸಿ. ಮತ್ತೆ, ಇದು ಬಹಳ ಮುಖ್ಯ: ಪ್ರತಿ ಎನ್‌ಕ್ವೈರಿಯ ಒಂದು ಪ್ರತಿ ಸೈಟ್‌ನ ಡೇಟಾಬೇಸ್‌ನಲ್ಲೂ ಉಳಿಯುವಂತೆ ಮಾಡಿ. ಮೇಲ್ ಕೈಕೊಟ್ಟರೂ ಗಿರಾಕಿ ಕಳೆದುಹೋಗಬಾರದು.

ಮೇಲ್ ಸ್ಪ್ಯಾಮ್‌ನಲ್ಲೂ ಇಲ್ಲ ಎಂದರೆ ಫಾರ್ಮ್‌ನ ಸೆಟ್ಟಿಂಗ್ ತೆರೆದು ಯಾವ ವಿಳಾಸಕ್ಕೆ ಹೋಗುತ್ತಿದೆ ನೋಡಿ. ಕೆಲಸ ಬಿಟ್ಟು ಹೋದವರ ವಿಳಾಸ ಅಲ್ಲಿ ಇರುವುದು ಅಪರೂಪವೇನಲ್ಲ.

ಫಾರ್ಮ್ ಒಮ್ಮೆ ಹೋಗುತ್ತದೆ, ಇನ್ನೊಮ್ಮೆ ‘ಏನೋ ತಪ್ಪಾಗಿದೆ’ ಎನ್ನುತ್ತದೆ. ಈ ಲಕ್ಷಣ ಇದ್ದರೆ ಕ್ಯಾಶ್ ಮೇಲೆ, ಅಂದರೆ ಬೇಗ ತೋರಿಸಲು ಉಳಿಸಿಟ್ಟ ಪುಟದ ಪ್ರತಿಯ ಮೇಲೆ, ಅನುಮಾನ ಪಡಿ. ಕೆಲವು ಫಾರ್ಮ್ ಪ್ಲಗಿನ್‌ಗಳು (ಸೈಟ್‌ಗೆ ಸೇರಿಸುವ ಸಣ್ಣ ತಂತ್ರಾಂಶಗಳು) ಪುಟದೊಳಗೆ ಒಂದು ಭದ್ರತಾ ಟೋಕನ್ ಇಟ್ಟಿರುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಅದರ ಆಯಸ್ಸು ಹೆಚ್ಚೆಂದರೆ 24 ಗಂಟೆ. ಕ್ಯಾಶ್ ಪ್ಲಗಿನ್ ಅದಕ್ಕಿಂತ ಹಳೆಯ ಪುಟವನ್ನೇ ಹಂಚುತ್ತಿದ್ದರೆ ಟೋಕನ್ ಸತ್ತಿರುತ್ತದೆ, ಫಾರ್ಮ್ ತಿರಸ್ಕಾರವಾಗುತ್ತದೆ. ನೀವು ಅಡ್ಮಿನ್ ಆಗಿ ಲಾಗಿನ್ ಆಗಿ ನೋಡಿದರೆ ಸಾಮಾನ್ಯವಾಗಿ ಕ್ಯಾಶ್ ಇಲ್ಲದ ತಾಜಾ ಪುಟ ಬರುತ್ತದೆ, ಎಲ್ಲ ಸರಿ ಕಾಣುತ್ತದೆ. ಅದಕ್ಕೇ ಲಾಗಿನ್ ಇಲ್ಲದೆ ಪರೀಕ್ಷಿಸಿ ಎಂದದ್ದು. ಫಾರ್ಮ್ ಇರುವ ಪುಟಗಳನ್ನು ಕ್ಯಾಶ್‌ನಿಂದ ಹೊರಗಿಡಿ. ಡೊಮೈನ್ ಬದಲಿಸಿದ ಮೇಲೆ ಫಾರ್ಮ್ ನಿಂತಿದ್ದರೆ ರೀಕ್ಯಾಪ್ಚಾದ (ಫಾರ್ಮ್ ತುಂಬುವುದು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸುವ ಗೂಗಲ್ ಸೇವೆ) ಕೀ ನೋಡಿ. ಅದು ಡೊಮೈನ್‌ಗೆ ಕಟ್ಟಿರುತ್ತದೆ.

ಫೋನ್ ನಂಬರ್ ಮೇಲೆ ಬೆರಳಿಟ್ಟರೆ ಡಯಲ್ ಆಗುತ್ತದಾ? ಆಗುವ ನಂಬರ್ ಸರಿಯಾದದ್ದಾ? ಪರದೆಯ ಮೇಲೆ ಕಾಣುವ ನಂಬರ್ ಹೊಸದು, ಒಳಗಿನ ಲಿಂಕ್‌ನಲ್ಲಿ ಹಳೆಯದು ಹಾಗೇ ಉಳಿದಿರಬಹುದು. ವಾಟ್ಸಾಪ್ ಲಿಂಕ್‌ನಲ್ಲಿ ದೇಶದ ಕೋಡ್ ಇರಬೇಕು, ಆದರೆ ಪ್ಲಸ್ ಚಿಹ್ನೆ, ಮೊದಲಿನ ಸೊನ್ನೆ, ಅಡ್ಡಗೆರೆ ಯಾವುದೂ ಇರಬಾರದು.

ಎಲ್ಲ ತಲುಪುತ್ತಿದೆ, ಆದರೆ ಉತ್ತರ ಹೋಗುವುದು ನಾಲ್ಕನೇ ದಿನ. ಇದೂ ದೋಷವೇ. ಸೈಟ್‌ನದ್ದಲ್ಲ, ನಿಮ್ಮ ಕಡೆಯದು. ಅಷ್ಟು ಹೊತ್ತಿಗೆ ಗಿರಾಕಿ ಬೇರೆಯವರ ಜೊತೆ ಮಾತಾಡಿ ಮುಗಿಸಿರುತ್ತಾರೆ, ಅಲ್ವಾ?

ಪರೀಕ್ಷೆ 2: ಎಣಿಕೆ ಸರಿಯಿದೆಯಾ

ಒಂದು ವಾರದ ಎನ್‌ಕ್ವೈರಿ ಮೇಲ್‌ಗಳನ್ನು ಕೈಯಲ್ಲಿ ಎಣಿಸಿ. ಅದೇ ವಾರದ ಲೆಕ್ಕ, ಸೈಟ್‌ನ ಭೇಟಿಗಳನ್ನು ಎಣಿಸುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ ಎಷ್ಟಿದೆ ನೋಡಿ. ಅನಾಲಿಟಿಕ್ಸ್ ಸ್ವಲ್ಪ ಕಡಿಮೆ ತೋರಿಸಿದರೆ ಚಿಂತೆ ಬೇಡ. ಕೆಲವರು ಆ್ಯಡ್ ಬ್ಲಾಕರ್ ಬಳಸುತ್ತಾರೆ, ಕೆಲವರು ಕುಕೀ ಒಪ್ಪುವುದಿಲ್ಲ. ಅವರು ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ನಿಜಕ್ಕಿಂತ ಹೆಚ್ಚು ತೋರಿಸಿದರೆ ಏನೋ ಎಡವಟ್ಟಾಗಿದೆ. ಒಂದೇ ಟ್ಯಾಗ್, ಅಂದರೆ ಎಣಿಸುವ ಕೋಡ್, ಎರಡು ಕಡೆಯಿಂದ ಸೇರಿರಬಹುದು: ಪ್ಲಗಿನ್ ಒಂದು ಕಡೆ, ಟ್ಯಾಗ್ ಮ್ಯಾನೇಜರ್ ಇನ್ನೊಂದು ಕಡೆ. ಇಲ್ಲವೇ ಬಟನ್ ಒತ್ತಿದ್ದನ್ನೇ ಎನ್‌ಕ್ವೈರಿ ಎಂದು ಎಣಿಸುತ್ತಿರಬಹುದು. ಫೋನ್ ನಂಬರ್ ತಪ್ಪಾಗಿ ಹಾಕಿ ಮೂರು ಸಲ ಬಟನ್ ಒತ್ತಿದವರು ಮೂವರು ಗಿರಾಕಿಗಳಾಗಿ ಕಾಣುತ್ತಾರೆ.

ಪೂರ್ತಿ ಸೊನ್ನೆ ತೋರಿಸುತ್ತಿದ್ದರೆ ಸೈಟ್‌ನಲ್ಲಿರುವ ಕೋಡ್ ಯಾವುದು ನೋಡಿ. ‘ಯುಎ’ ಎಂದು ಶುರುವಾಗುವ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ ಕೋಡ್ ಇದ್ದರೆ, ಅದು 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಈಗಿನ ಆವೃತ್ತಿಯ ಕೋಡ್ ‘ಜಿ’ ಅಕ್ಷರದಿಂದ ಶುರುವಾಗುತ್ತದೆ.

ಎಣಿಕೆಗೆ ನಾನು ಸೂಚಿಸುವ ದಾರಿ ಹಳೆಯದು, ಆದರೆ ಗಟ್ಟಿ. ಫಾರ್ಮ್ ನಿಜವಾಗಿ ಹೋದ ಮೇಲಷ್ಟೇ ತೆರೆಯುವ ಪ್ರತ್ಯೇಕ ಧನ್ಯವಾದ ಪುಟ ಇಡಿ. ಆ ಪುಟಕ್ಕೆ ಬಂದದ್ದನ್ನು ಎಣಿಸಿ. ಅನಾಲಿಟಿಕ್ಸ್‌ನಲ್ಲಿ ಅದನ್ನು ‘ಕೀ ಇವೆಂಟ್’ ಎಂದು ಗುರುತಿಸಿ. 2024ಕ್ಕೆ ಮುಂಚೆ ಇದನ್ನೇ ‘ಕನ್ವರ್ಷನ್’ ಎನ್ನುತ್ತಿದ್ದರು. ಹಳೆಯ ಪಾಠಗಳನ್ನು ನೋಡಿ ಹುಡುಕುವವರಿಗೆ ಇಲ್ಲಿ ಗಲಿಬಿಲಿಯಾಗುತ್ತದೆ. ನಿಮ್ಮ ಆಫೀಸಿನವರ ಭೇಟಿಗಳನ್ನು ಫಿಲ್ಟರ್ ಮಾಡುವುದನ್ನೂ ಮರೆಯಬೇಡಿ. ಸಣ್ಣ ಸೈಟ್‌ಗಳಲ್ಲಿ ಅತಿ ಹೆಚ್ಚು ಸಲ ಮುಖಪುಟ ನೋಡುವವರು ಅವರೇ.

ಪರೀಕ್ಷೆ 3: ಜನ ಬರುತ್ತಿದ್ದಾರಾ

ಗೂಗಲ್ ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಇಲ್ಲದೆ ಇದನ್ನು ಪರೀಕ್ಷಿಸಲು ಹೋಗಬೇಡಿ. ಅದು ಉಚಿತ, 16 ತಿಂಗಳ ಹಿಂದಿನವರೆಗೆ ಲೆಕ್ಕ ಇಟ್ಟಿರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವರದಿ ತೆರೆದು ಎರಡು ಸಂಖ್ಯೆ ನೋಡಿ: ಇಂಪ್ರೆಶನ್, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ನೀವು ಎಷ್ಟು ಸಲ ಕಂಡಿರಿ. ಮತ್ತು ಕ್ಲಿಕ್.

ಇಂಪ್ರೆಶನ್ನೇ ಇಲ್ಲ ಎಂದರೆ ಗೂಗಲ್‌ಗೆ ನಿಮ್ಮ ಪುಟಗಳು ಸಿಕ್ಕಿಲ್ಲ. ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಮುಖ್ಯ ಪುಟದ ವಿಳಾಸ ಹಾಕಿ. ‘ನೋಇಂಡೆಕ್ಸ್’ ಎಂದು ಬಂದರೆ, ಸೈಟ್ ಕಟ್ಟುವಾಗ ಹಾಕಿದ್ದ ತಡೆಯನ್ನು ತೆಗೆಯಲು ಯಾರೋ ಮರೆತಿದ್ದಾರೆ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಒಂದು ಚೌಕ ಇದೆ. ಆ ಒಂದು ಟಿಕ್ ಗುರುತು ಇಡೀ ಸೈಟ್ ಅನ್ನು ಅಡಗಿಸಿಡುತ್ತದೆ. ಇದರ ಜೊತೆ ರೋಬೋಟ್ಸ್ ಫೈಲ್ (robots.txt) ಕೂಡ ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ರೋಬೋಟ್ಸ್ ಫೈಲ್ ತಡೆಯುವುದು ಪುಟದ ಒಳಗೆ ಬರುವುದನ್ನು, ನೋಇಂಡೆಕ್ಸ್ ತಡೆಯುವುದು ಫಲಿತಾಂಶದಲ್ಲಿ ತೋರಿಸುವುದನ್ನು. ಎರಡನ್ನೂ ಒಟ್ಟಿಗೆ ಹಾಕಿದರೆ ಗೂಗಲ್ ಒಳಗೆ ಬರಲಾಗದೆ ನೋಇಂಡೆಕ್ಸ್ ಸಾಲನ್ನು ಓದುವುದೇ ಇಲ್ಲ.

ಇಂಪ್ರೆಶನ್ ಬೇಕಾದಷ್ಟಿದೆ, ಕ್ಲಿಕ್ ಇಲ್ಲ. ಆಗ ಸರಾಸರಿ ಸ್ಥಾನ ನೋಡಿ. 40ನೇ ಸ್ಥಾನದಲ್ಲಿದ್ದರೆ ಯಾರಿಗೂ ಕಾಣುವುದಿಲ್ಲ, ಆ ವಿಷಯಕ್ಕೆ ಪುಟ ಇನ್ನೂ ಗಟ್ಟಿಯಾಗಬೇಕು. 5ನೇ ಸ್ಥಾನದಲ್ಲಿದ್ದೂ ಯಾರೂ ಒತ್ತುತ್ತಿಲ್ಲ ಎಂದರೆ ಶೀರ್ಷಿಕೆಯ ಮೇಲೆ ಅನುಮಾನ ಪಡಿ. ‘ಹೋಮ್’ ಎಂದೋ, ಬರೀ ಕಂಪನಿಯ ಹೆಸರೆಂದೋ ಇರುವ ಶೀರ್ಷಿಕೆಯನ್ನು ಯಾಕೆ ಒತ್ತುತ್ತಾರೆ?

ನನ್ನ ಪ್ರಕಾರ ಈ ವರದಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹುಡುಕಿದ ಪದಗಳ ಪಟ್ಟಿ. ಅದನ್ನು ಎರಡು ಗುಂಪು ಮಾಡಿ. ನಿಮ್ಮ ಹೆಸರು ಇರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಕ್ಲಿಕ್ ಎಲ್ಲ ಮೊದಲ ಗುಂಪಿನಲ್ಲೇ ಇದ್ದರೆ, ನಿಮ್ಮನ್ನು ಆಗಲೇ ಬಲ್ಲವರು ಮಾತ್ರ ಬರುತ್ತಿದ್ದಾರೆ ಎಂದರ್ಥ. ಹೊಸ ಗಿರಾಕಿ ನಿಮ್ಮ ಹೆಸರನ್ನು ಹುಡುಕುವುದಿಲ್ಲ, ತನ್ನ ತೊಂದರೆಯನ್ನು ಹುಡುಕುತ್ತಾನೆ. ಆ ತೊಂದರೆಯ ಹೆಸರು ನಿಮ್ಮ ಸೈಟ್‌ನ ಯಾವ ಪುಟದಲ್ಲಿದೆ? ‘ನಮ್ಮ ಸೇವೆಗಳು’ ಎಂಬ ಒಂದೇ ಪುಟದಲ್ಲಿ ಹನ್ನೆರಡು ಸೇವೆಗಳನ್ನು ಒಂದೊಂದು ಸಾಲಿನಲ್ಲಿ ಬರೆದಿದ್ದರೆ, ಎಲ್ಲೂ ಇಲ್ಲದ ಹಾಗೆಯೇ. ಮುಖ್ಯವಾದ ಪ್ರತಿ ಸೇವೆಗೂ ತನ್ನದೇ ಪುಟ ಬೇಕು.

ಹೊಸ ಸೈಟ್ ಮಾಡಿಸಿದ ಮೇಲೆಯೇ ಜನ ಕಡಿಮೆಯಾಗಿದ್ದರೆ ಬೇರೆ ಕಡೆ ಹುಡುಕಬೇಡಿ. ಹಳೆಯ ಪುಟಗಳ ವಿಳಾಸ ಬದಲಾಗಿರುತ್ತವೆ, ಹಳೆಯ ಲಿಂಕ್‌ಗಳೆಲ್ಲ 404ಕ್ಕೆ (‘ಪುಟ ಸಿಗಲಿಲ್ಲ’ ಎಂಬ ಸಂದೇಶಕ್ಕೆ) ಹೋಗಿ ಬೀಳುತ್ತಿರುತ್ತವೆ. ಪ್ರತಿ ಹಳೆಯ ವಿಳಾಸವನ್ನೂ ಅದಕ್ಕೆ ಹೊಂದುವ ಹೊಸ ಪುಟಕ್ಕೆ 301 ರೀಡೈರೆಕ್ಟ್ ಮಾಡಿ, ಅಂದರೆ ಶಾಶ್ವತವಾಗಿ ತಿರುಗಿಸಿ. ಎಲ್ಲವನ್ನೂ ಒಟ್ಟಾಗಿ ಮುಖಪುಟಕ್ಕೆ ತಿರುಗಿಸಿದರೆ ಕೆಲಸ ಸುಲಭ, ಉಪಯೋಗ ಕಡಿಮೆ. ಗೂಗಲ್ ಅಂಥದ್ದನ್ನು ಇಲ್ಲದ ಪುಟವೆಂದೇ ಪರಿಗಣಿಸಬಹುದು. ಈ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ತೆಗೆಯಬೇಡಿ.

ಪರೀಕ್ಷೆ 4: ಬಂದವರು ಬೇಕಾದವರಾ

ಜನ ಬರುತ್ತಿದ್ದಾರೆ, ಬಂದಷ್ಟೇ ಬೇಗ ಹೋಗುತ್ತಿದ್ದಾರೆ. ಜಾಹೀರಾತು ಹಾಕುತ್ತಿದ್ದರೆ ಮೊದಲು ಅಲ್ಲಿ ನೋಡಿ. ಗೂಗಲ್ ಆ್ಯಡ್ಸ್‌ನಲ್ಲಿ ನೀವು ಕೊಟ್ಟ ಕೀವರ್ಡ್ ಬೇರೆ, ಜನ ನಿಜವಾಗಿ ಟೈಪ್ ಮಾಡಿದ ಪದ ಬೇರೆ. ಎರಡನೆಯದು ಸರ್ಚ್ ಟರ್ಮ್ಸ್ ವರದಿಯಲ್ಲಿ ಸಿಗುತ್ತದೆ. ‘ಉಚಿತ’, ‘ಕೆಲಸ ಖಾಲಿ ಇದೆಯೇ’, ‘ಮನೆಯಲ್ಲೇ ಮಾಡುವುದು ಹೇಗೆ’ ಎಂದು ಹುಡುಕಿದವರಿಗೆಲ್ಲ ನಿಮ್ಮ ದುಡ್ಡು ಹೋಗುತ್ತಿದ್ದರೆ ಅಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕಿ. ಸ್ಥಳದ ಸೆಟ್ಟಿಂಗ್ ಕೂಡ ಒಮ್ಮೆ ನೋಡಿ. ನೀವು ಬದಲಿಸದಿದ್ದರೆ ಅದು ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ತೋರಿಸುತ್ತದೆ. ಒಂದೇ ಊರಿನಲ್ಲಿ ಸೇವೆ ಕೊಡುವವರಿಗೆ ಇದು ಸುಮ್ನೆ ಸೋರಿಕೆ.

ಆಮೇಲೆ ಜಾಹೀರಾತು ಮತ್ತು ಅದು ಕರೆದೊಯ್ಯುವ ಪುಟ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಜಾಹೀರಾತಿನಲ್ಲಿ ಹೇಳಿದ ವಸ್ತು, ಹೇಳಿದ ರಿಯಾಯಿತಿ ಪುಟದ ಮೊದಲ ಪರದೆಯಲ್ಲೇ ಕಾಣಬೇಕು. ಎಲ್ಲ ಜಾಹೀರಾತನ್ನೂ ಮುಖಪುಟಕ್ಕೆ ಕಳಿಸಿ, ‘ಇನ್ನು ನೀವೇ ಹುಡುಕಿಕೊಳ್ಳಿ’ ಎಂದರೆ ಯಾರೂ ಹುಡುಕುವುದಿಲ್ಲ.

ಯಾರು ಎಲ್ಲಿಂದ ಬಂದರು ಎಂದು ತಿಳಿಯಲು ಲಿಂಕ್‌ಗಳ ಕೊನೆಗೆ ಮೂಲದ ಹೆಸರು ಹೇಳುವ ಯುಟಿಎಂ ಗುರುತು ಹಾಕುತ್ತೀರಲ್ಲ, ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಬರೆದರೆ ಒಂದೇ ಮೂಲ ಎರಡಾಗಿ ಒಡೆಯುತ್ತದೆ. ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಿರಿ. ಸೈಟ್‌ನ ಒಳಗಿನ ಲಿಂಕ್‌ಗಳಿಗೆ ಯುಟಿಎಂ ಹಾಕಲೇಬೇಡಿ.

ಪರೀಕ್ಷೆ 5: ಪುಟ ಕೈಗೆ ಸಿಗುತ್ತಿದೆಯಾ

ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿ, ಮೊಬೈಲ್ ಭಾಗ ನೋಡಿ. ಮೇಲೆ ಕಾಣುವುದು ನಿಜವಾದ ಬಳಕೆದಾರರಿಂದ ಬಂದ ಲೆಕ್ಕ, ಕೆಳಗಿನದು ಪ್ರಯೋಗದ ಲೆಕ್ಕ. ಮೇಲಿನದ್ದು ಸಿಕ್ಕರೆ ಅದನ್ನೇ ನಂಬಿ. ಭೇಟಿ ಕೊಡುವವರು ಕಡಿಮೆ ಇದ್ದರೆ ಅದು ಕಾಣಿಸುವುದಿಲ್ಲ. ಗೂಗಲ್ ‘ಚೆನ್ನಾಗಿದೆ’ ಎನ್ನುವ ಮಿತಿಗಳು ಹೀಗಿವೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು. ಓದುವಾಗ ಪುಟ ಅಲುಗಾಡುವ ಪ್ರಮಾಣ 0.1 ಮೀರಬಾರದು. ಇವು 75 ಶೇಕಡಾ ಭೇಟಿಗಳಲ್ಲಿ ಸರಿಯಿರಬೇಕು. ಸ್ಪಂದನೆಯ ಈ ಅಳತೆ 2024ರ ಮಾರ್ಚ್‌ನಲ್ಲಿ ಸೇರಿದ್ದು, ಅದಕ್ಕೆ ಮುಂಚಿನ ಅಳತೆ ಈಗ ಇಲ್ಲ.

ನೂರಕ್ಕೆ ನೂರು ಅಂಕದ ಹಿಂದೆ ಬೀಳಬೇಡಿ. ಕೆಂಪು ಬಣ್ಣದಲ್ಲಿದ್ದರೆ ಮಾತ್ರ ಕೆಲಸ ಮಾಡಿ. ಸಾಮಾನ್ಯವಾಗಿ ತಪ್ಪು ಮಾಡುವವರು ಇವರೇ: ಮುಖಪುಟದ ತಲೆಯ ಮೇಲೆ ತಿರುಗುವ ದೊಡ್ಡ ಚಿತ್ರಗಳ ಸ್ಲೈಡರ್, ತಾನಾಗಿ ಓಡುವ ವಿಡಿಯೊ, ಚಾಟ್ ಪೆಟ್ಟಿಗೆ, ಯಾರು ಯಾವಾಗ ಹಾಕಿದರೋ ಗೊತ್ತಿಲ್ಲದ ಟ್ರ್ಯಾಕಿಂಗ್ ಟ್ಯಾಗ್‌ಗಳು. ಚಿತ್ರಗಳನ್ನು ಬೇಕಾದ ಅಳತೆಗೆ ಇಳಿಸಿ, ಕಡಿಮೆ ತೂಕದ ವೆಬ್‌ಪಿ ಅಥವಾ ಎವಿಐಎಫ್ ರೂಪಕ್ಕೆ ತನ್ನಿ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡ್ (ಓದುಗರು ಹತ್ತಿರ ಬಂದಾಗ ಮಾತ್ರ ಚಿತ್ರ ತರುವುದು) ಒಳ್ಳೆಯದು. ಮೊದಲ ಪರದೆಯ ದೊಡ್ಡ ಚಿತ್ರಕ್ಕೆ ಅದನ್ನೇ ಹಾಕಿದರೆ ಪುಟ ಇನ್ನೂ ನಿಧಾನವಾಗುತ್ತದೆ. ತುಂಬ ಥೀಮ್‌ಗಳು ಇದನ್ನು ತಿಳಿಯದೆ ಮಾಡುತ್ತವೆ. ಸರಿಮಾಡಿದ ಮರುದಿನವೇ ಮೇಲಿನ ಲೆಕ್ಕ ಬದಲಾಗಲಿಲ್ಲ ಎಂದು ಗಾಬರಿಯಾಗಬೇಡಿ, ಅದು ಹಿಂದಿನ 28 ದಿನಗಳ ಲೆಕ್ಕ.

ವೇಗಕ್ಕಿಂತ ಕಣ್ಣಿಗೆ ಬೀಳದ ದೋಷಗಳು ಫೋನ್ ಪರದೆಯ ಮೇಲಿವೆ. ಕೆಳಗೆ ಅಂಟಿಕೊಂಡ ‘ಕರೆ ಮಾಡಿ’ ಬಟನ್ ಮೇಲೆ ಕುಕೀ ಪಟ್ಟಿ ಬಂದು ಕೂರುತ್ತದೆ. ಅದರ ಮೇಲೆ ಚಾಟ್ ಗುಂಡಿ. ಮೊದಲ ಸಲ ಬಂದವರಿಗೆ ಮಾತ್ರ ಹೀಗೆ ಕಾಣುತ್ತದೆ, ನಿಮಗೆ ಕಾಣುವುದೇ ಇಲ್ಲ, ಯಾಕೆಂದರೆ ನೀವು ಎಂದೋ ಕುಕೀ ಒಪ್ಪಿರುತ್ತೀರಿ. ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ತಿಳಿ ಬೂದು ಅಕ್ಷರ ಬಿಳಿ ಹಿನ್ನೆಲೆಯಲ್ಲಿದ್ದರೆ ಬಿಸಿಲಿನಲ್ಲಿ ಓದಲಾಗದು. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕೆಂದು, ಎಲ್ಲರೂ ಬಳಸಲಾಗುವಂತೆ ಸೈಟ್ ಮಾಡಲು ಇರುವ ಡಬ್ಲ್ಯುಸಿಎಜಿ ಮಾನದಂಡ ಹೇಳುತ್ತದೆ. ಫಾರ್ಮ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಐಫೋನ್‌ನಲ್ಲಿ ಬೆರಳಿಟ್ಟ ಕೂಡಲೇ ಪುಟ ಹಿಗ್ಗಿ ಅಡ್ಡಾದಿಡ್ಡಿಯಾಗುತ್ತದೆ.

ಪರೀಕ್ಷೆ 6: ಓದಿದರು, ಮುಂದೆ ಹೋಗಲಿಲ್ಲ

ಇಲ್ಲಿಯವರೆಗಿನದ್ದೆಲ್ಲ ಸರಿಯಿದ್ದರೆ ದೋಷ ಮಾತಿನಲ್ಲಿದೆ. ಇದನ್ನು ಒಪ್ಪಲು ತುಂಬ ಜನಕ್ಕೆ ಕಷ್ಟ. ಬಣ್ಣ ಬದಲಿಸಲು ಒಪ್ಪುತ್ತಾರೆ, ಬರಹ ಬದಲಿಸಲು ಒಪ್ಪುವುದಿಲ್ಲ. ಆದರೆ ವ್ಯಾಪಾರದ ಸೈಟ್‌ನಲ್ಲಿ ಗಿರಾಕಿಯ ಜೊತೆ ಮಾತಾಡುವುದು ಬರಹವೇ. ಡಿಸೈನ್‌ನ ಕೆಲಸ ಆ ಮಾತನ್ನು ಸ್ಪಷ್ಟವಾಗಿ ಕೇಳಿಸುವಂತೆ ಮಾಡುವುದು.

ನಿಮ್ಮ ವ್ಯಾಪಾರ ಗೊತ್ತಿಲ್ಲದ ಒಬ್ಬರಿಗೆ ಮುಖಪುಟವನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ. ಮೂರು ಪ್ರಶ್ನೆ ಕೇಳಿ. ಇವರು ಏನು ಮಾಡುತ್ತಾರೆ? ಯಾರಿಗಾಗಿ? ಬೇಕೆಂದರೆ ಮುಂದೆ ಏನು ಒತ್ತಬೇಕು? ಉತ್ತರ ತಡವರಿಸಿದರೆ ಅವರನ್ನು ತಿದ್ದಬೇಡಿ, ಪುಟವನ್ನು ತಿದ್ದಿ. ಇನ್ನೊಂದು ಪರೀಕ್ಷೆ ನೀವೇ ಕೂತು ಮಾಡಬಹುದು. ಮುಖಪುಟದ ದೊಡ್ಡ ಸಾಲಿನಲ್ಲಿ ನಿಮ್ಮ ಹೆಸರು ತೆಗೆದು ಪ್ರತಿಸ್ಪರ್ಧಿಯ ಹೆಸರು ಹಾಕಿ ಓದಿ. ‘ಗುಣಮಟ್ಟಕ್ಕೆ ಇನ್ನೊಂದು ಹೆಸರು’, ‘ನಿಮ್ಮ ನಂಬಿಕೆಯ ಸಂಗಾತಿ’ ಎಂಬಂಥ ಸಾಲುಗಳು ಯಾರ ಹೆಸರಿಗೂ ಹೊಂದುತ್ತವೆ. ಯಾರಿಗೂ ಹೊಂದುವ ಸಾಲು ನಿಮ್ಮ ಬಗ್ಗೆ ಏನನ್ನೂ ಹೇಳುತ್ತಿಲ್ಲ. ‘ಕೆಟ್ಟ ಪಂಪ್ ಅನ್ನು ನಿಮ್ಮ ಜಾಗಕ್ಕೇ ಬಂದು ಅದೇ ದಿನ ರಿಪೇರಿ ಮಾಡುತ್ತೇವೆ’ ಎಂಬುದರಲ್ಲಿ ಸೊಬಗಿಲ್ಲ, ಆದರೆ ಪಂಪ್ ಕೆಟ್ಟವನು ಅದನ್ನು ಓದಿ ಫೋನ್ ತೆಗೆಯುತ್ತಾನೆ.

ಏನು ಬರೆಯಬೇಕು ಎಂದು ತೋಚದಿದ್ದರೆ ಜಾಹೀರಾತಿನ ಪದಗಳಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಫೋನ್ ಎತ್ತುವವರ ಹತ್ತಿರ ಹೋಗಿ. ಗಿರಾಕಿಗಳು ದಿನಾ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಎಷ್ಟಾಗುತ್ತದೆ, ಎಷ್ಟು ದಿನ ಬೇಕು, ಕೆಟ್ಟರೆ ಯಾರು ಹೊಣೆ, ನಮ್ಮ ಕಡೆ ಬರುತ್ತೀರಾ. ಈ ಉತ್ತರಗಳು ಸೈಟ್‌ನಲ್ಲಿ ಇಲ್ಲದಿದ್ದರೆ ಗಿರಾಕಿ ನಿಂತಿರುವ ಜಾಗ ಅದೇ. ಬೆಲೆ ಹಾಕಲು ಆಗದ ವ್ಯಾಪಾರಗಳಿವೆ, ನಿಜ. ಆಗ ಬೆಲೆ ಯಾವುದರ ಮೇಲೆ ನಿಂತಿದೆ ಎಂದಾದರೂ ಹೇಳಿ. ಅಳತೆ, ಸಾಮಗ್ರಿ, ದೂರ, ಸಮಯ. ಮೌನವಾಗಿದ್ದರೆ ಜನ ‘ತುಂಬ ದುಬಾರಿ ಇರಬೇಕು’ ಎಂದುಕೊಂಡು ಹೋಗಿಬಿಡುತ್ತಾರೆ.

ನಂಬಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕೊಂಡುತಂದ ಫೋಟೊಗಳನ್ನು ತೆಗೆದುಬಿಡಿ. ಕೈಕುಲುಕುತ್ತಾ ನಗುವ ಅಪರಿಚಿತರು ಯಾರಿಗೂ ಧೈರ್ಯ ಕೊಡುವುದಿಲ್ಲ. ನೀವು ಮಾಡಿದ ಕೆಲಸದ ಫೋಟೊ, ಫೋನಿನಲ್ಲಿ ತೆಗೆದದ್ದಾದರೂ ಸರಿ, ಅದಕ್ಕಿಂತ ಮೇಲು. ಗಿರಾಕಿಗಳ ಮಾತನ್ನು ಅವರ ಒಪ್ಪಿಗೆ ಪಡೆದು, ಯಾವ ಕೆಲಸಕ್ಕೆ ಹೇಳಿದ್ದು ಎಂಬುದರ ಜೊತೆ ಹಾಕಿ. ವಿಳಾಸ ಹಾಕಿ. ಫಾರ್ಮ್ ಕಳಿಸಿದ ಮೇಲೆ ಯಾರು, ಎಷ್ಟು ಹೊತ್ತಿನಲ್ಲಿ ಮಾತಾಡುತ್ತಾರೆ ಎಂದು ಬಟನ್ ಪಕ್ಕದಲ್ಲೇ ಬರೆಯಿರಿ. ಬಟನ್ ಮೇಲೆ ಬರೀ ‘ಸಬ್ಮಿಟ್’ ಎಂದಿರುವುದಕ್ಕಿಂತ ‘ಕೊಟೇಶನ್ ಕೇಳಿ’ ಎಂದಿದ್ದರೆ ಏನಾಗುತ್ತದೆ ಎಂಬುದು ಗೊತ್ತಾಗುತ್ತದೆ.

ಫಾರ್ಮ್‌ನ ಒಂದೊಂದು ಖಾನೆಗೂ ಕಾರಣ ಕೇಳಿ. ಮೊದಲ ಮಾತಿಗೆ ಹೆಸರು, ಸಂಪರ್ಕ, ವಿಷಯ ಸಾಕು. ಉಳಿದದ್ದನ್ನು ಫೋನಿನಲ್ಲಿ ಕೇಳಬಹುದು. ಆದರೆ ಎನ್‌ಕ್ವೈರಿ ತುಂಬ ಬಂದು ಎಲ್ಲ ಕೆಲಸಕ್ಕೆ ಬಾರದವೇ ಆಗಿದ್ದರೆ ಉಲ್ಟಾ ಮಾಡಿ, ಒಂದೆರಡು ಖಾನೆ ಸೇರಿಸಿ. ಜನ ಎಲ್ಲಿ ನಿಲ್ಲುತ್ತಾರೆ ಎಂದು ಊಹಿಸುವ ಬದಲು ನೋಡಬಹುದು. ಮೈಕ್ರೋಸಾಫ್ಟ್ ಕ್ಲಾರಿಟಿ ಎಂಬ ಉಚಿತ ಸಲಕರಣೆ ಭೇಟಿಗಳ ದಾಖಲೆ ಇಡುತ್ತದೆ. ಅದನ್ನು ಹಾಕಿದರೆ ಪ್ರೈವಸಿ ಪುಟದಲ್ಲಿ ಹೇಳಿ, ಒಪ್ಪಿಗೆ ಬೇಕಾದ ಕಡೆ ಪಡೆಯಿರಿ.

ಮತ್ತೆ, ಮುಖಪುಟವೊಂದನ್ನೇ ತಿದ್ದುತ್ತಾ ಕೂರಬೇಡಿ. ಅನಾಲಿಟಿಕ್ಸ್‌ನ ಲ್ಯಾಂಡಿಂಗ್ ಪೇಜ್ ವರದಿ ನೋಡಿ. ಹುಡುಕಿ ಬಂದವರು ಹಲವು ಸಲ ನೇರವಾಗಿ ಒಳಪುಟಕ್ಕೇ ಇಳಿದಿರುತ್ತಾರೆ, ಮುಖಪುಟ ನೋಡಿಯೇ ಇರುವುದಿಲ್ಲ. ಆ ಒಳಪುಟದ ಕೊನೆಯಲ್ಲಿ ಮುಂದಿನ ಹೆಜ್ಜೆ ಇಲ್ಲದಿದ್ದರೆ ಅವರು ಬಂದ ದಾರಿಯಲ್ಲೇ ವಾಪಸ್.

ಸರಿಮಾಡುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ. ದಿನಾಂಕ ಬರೆದಿಡಿ. ಶೀರ್ಷಿಕೆ, ಫಾರ್ಮ್, ಜಾಹೀರಾತು ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಆಮೇಲೆ ಹೇಳಲಾಗದು. ತಲುಪದ ಫಾರ್ಮ್, ತೆರೆಯದ ಪುಟ ಇದಕ್ಕೆ ಹೊರತು. ಅವನ್ನು ಕೂಡಲೇ ಸರಿಮಾಡಿ.

ಎ/ಬಿ ಪರೀಕ್ಷೆ (ಒಂದೇ ಪುಟದ ಎರಡು ರೂಪಗಳನ್ನು ಬೇರೆ ಬೇರೆಯವರಿಗೆ ತೋರಿಸಿ ಹೋಲಿಸುವುದು) ಮಾಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ತಿಂಗಳಿಗೆ ಹತ್ತು ಹದಿನೈದು ಎನ್‌ಕ್ವೈರಿ ಬರುವ ಸೈಟ್‌ನಲ್ಲಿ ಅದರ ಫಲಿತಾಂಶ ಬರೀ ಅದೃಷ್ಟದ ಏರಿಳಿತ. ಇಷ್ಟು ಸಣ್ಣ ಸಂಖ್ಯೆ ಇದ್ದಾಗ ಐದಾರು ಗಿರಾಕಿಗಳನ್ನು ಕೂರಿಸಿ ಅವರು ಸೈಟ್ ಬಳಸುವುದನ್ನು ಸುಮ್ಮನೆ ನೋಡುವುದೇ ಹೆಚ್ಚು ಕಲಿಸುತ್ತದೆ.

ಹೊಸದಾಗಿ ಮಾಡಿಸಲೇಬೇಕಾದ ಸಂದರ್ಭವೂ ಇದೆ. ಒಂದು ಸಾಲು ಬದಲಿಸಲು ಪ್ರತಿ ಸಲ ಡೆವಲಪರ್ ಬೇಕು, ಥೀಮ್‌ಗೆ ಅಪ್‌ಡೇಟ್ ನಿಂತುಹೋಗಿದೆ, ಪುಟಗಳೆಲ್ಲ ಕಂಪನಿಯ ವಿಭಾಗಗಳ ಪ್ರಕಾರ ಜೋಡಿಸಿದ್ದು ಗಿರಾಕಿಯ ಅಗತ್ಯಕ್ಕೆ ಹೊಂದುವುದೇ ಇಲ್ಲ. ಹೀಗಿದ್ದರೆ ತೇಪೆ ಹಚ್ಚುವುದು ನಷ್ಟ. ಆಗಲೂ ಮೇಲಿನ ಪರೀಕ್ಷೆಗಳ ಟಿಪ್ಪಣಿಯನ್ನೇ ಹೊಸ ಡಿಸೈನರ್ ಕೈಗೆ ಕೊಡಿ. ಯಾವ ಪುಟಕ್ಕೆ ಜನ ಬರುತ್ತಿದ್ದಾರೆ, ಯಾವ ಪದಕ್ಕೆ ಬರುತ್ತಿದ್ದಾರೆ ಎಂದು ಅವರಿಗೆ ತಿಳಿದರೆ ಚೆನ್ನಾಗಿ ನಡೆಯುತ್ತಿದ್ದ ಪುಟಗಳು ಉಳಿಯುತ್ತವೆ.

ಸರಿಮಾಡಿದ ಮೇಲೆ ಪ್ರತಿ ಪ್ಲಗಿನ್ ಅಪ್‌ಡೇಟ್ ನಂತರ, ಏನೂ ಬದಲಾಗದಿದ್ದರೂ ತಿಂಗಳಿಗೊಮ್ಮೆ, ಪರೀಕ್ಷೆ 1ನ್ನು ಫೋನಿನಲ್ಲಿ ಮಾಡಿ. ಸಂಪರ್ಕ ಸುರಕ್ಷಿತವೆಂದು ಬ್ರೌಸರ್‌ಗೆ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತಿದೆಯೇ ನೋಡಿ. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸಾಮಾನ್ಯ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತದೆ, ಮುಗಿದ ದಿನ ಬ್ರೌಸರ್ ಗಿರಾಕಿಯನ್ನು ಹೆದರಿಸಿ ವಾಪಸ್ ಕಳಿಸುತ್ತದೆ. ಡೊಮೈನ್ ನವೀಕರಣದ ನೋಟಿಸ್ ಯಾರ ಮೇಲ್‌ಗೆ ಹೋಗುತ್ತದೆ? ಡೊಮೈನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಅನಾಲಿಟಿಕ್ಸ್, ಜಾಹೀರಾತು ಖಾತೆ, ಈ ಐದರ ಮಾಲೀಕತ್ವ ಕಂಪನಿಯದೇ ವಿಳಾಸದಲ್ಲಿರಲಿ. ಸೈಟ್ ಮಾಡಿಕೊಟ್ಟವರಿಗೆ ಬಳಸುವ ಅನುಮತಿ ಮಾತ್ರ ಕೊಡಿ. ಅವರ ಖಾತೆಯಲ್ಲಿದ್ದರೆ ಇವತ್ತೇ ವರ್ಗಾಯಿಸಲು ಕೇಳಿ. ಸಂಬಂಧ ಚೆನ್ನಾಗಿರುವಾಗ ಇದು ಒಂದು ಮೇಲ್‌ನ ಕೆಲಸ.